ಹೆರಿಗೆ ಡಬ್ಬಿಯ ಕೆಂಪು ಗೆರೆ

ಹೋದ ತಿಂಗಳು ಬೀದರಿನ ಗುಂಪಾ ಬಡಾವಣೆಯ ಹತ್ತಿರ ಆಟೊ ಹತ್ತಿದೆ. ಎರಡು ನಿಮಿಷ ಪೆಟ್ರೋಲ್ ಬಂಕಿಗೆ ಹೋಗಿ ಹೊರಡೋಣವೇ ಎಂದು ಡ್ರೈವರ್ ಕೇಳಿದ. ಹೂಂ ಎಂದೆ. ಸಾಲಿನಲ್ಲಿ ನಿಂತಾಗ ಹಿಂದಕ್ಕೆ ತಿರುಗಿ, "ನಿನ್ನಿ ರೇಟು ಇವತ್ತಿಲ್ರಿ ಮೇಡಂ. ಮುಂಜಾನಿ ಎದ್ದು ದೇವರ ಫೋಟೊ ನೋಡೂಕಿಂತ ಪೈಲಾ ಈ ಬೋರ್ಡು ನೋಡ್ಬೇಕಾಗ್ಯಾದ" ಎಂದು ನಕ್ಕ. ನಾನೂ ನಕ್ಕೆ. ಅಷ್ಟರಲ್ಲಿ ನಮ್ಮ ಮುಂದಿದ್ದ ಹಳೆಯ ಗಾಡಿಯೊಂದು ಚಾಲೂ ಆಗಿ ಬಿಳಿ ಹೊಗೆ ಬಿಟ್ಟಿತು. ಆ ಹೊಗೆಯಲ್ಲಿ ಸೀಮೆ ಎಣ್ಣೆಯ ವಾಸನೆ ಇತ್ತು.

ನಾನು ಆಟೊದಿಂದ ಇಳಿದುಬಿಟ್ಟೆ. ಡ್ರೈವರ್ ಗಾಬರಿಯಾಗಿ, "ಯಾಕ್ರಿ ಮೇಡಂ, ತಲಿ ತಿರಗ್ತೇನ್ರಿ?" ಎಂದ. ಬಂಕಿನ ಗೋಡೆಗೆ ಕೈಯೂರಿ ನಿಂತುಕೊಂಡೆ. ತಲೆ ತಿರುಗಿರಲಿಲ್ಲ. ಕೈಯಲ್ಲಿ ಎಣ್ಣೆ ಸುರಿಯುವ ಒಂದು ಪ್ಲಾಸ್ಟಿಕ್ ಲಾಳಿಕೆ ಹಿಡಿದಂತೆ ಬೆರಳುಗಳು ಮಡಚಿಕೊಂಡಿದ್ದವು.

ಔರಾದ ತಾಲ್ಲೂಕಿನಲ್ಲಿ, ಡಾಬಕಾದಿಂದ ಇನ್ನೂ ಸ್ವಲ್ಪ ಆಚೆ, ಮಹಾರಾಷ್ಟ್ರದ ಗಡಿಗೆ ಹತ್ತಿದ ಒಂದು ಹಳ್ಳಿಯಲ್ಲಿ ನಾನು ನರ್ಸ್ ಆಗಿದ್ದೆ. ಭಾಲ್ಕಿಯವಳು ನಾನು, ಮನೆಯಲ್ಲಿ ಅರ್ಧ ಮರಾಠಿ, ಅರ್ಧ ಕನ್ನಡ. ಹಾಗಾಗಿ ಆ ಊರಿನ ಮಾತು ನನಗೆ ಹೊಸದಾಗಿರಲಿಲ್ಲ. ಎರಡು ಕೋಣೆಯ ಉಪಕೇಂದ್ರದಲ್ಲಿ ಮುಂದಿನದು ಆಸ್ಪತ್ರೆ, ಹಿಂದಿನದು ನನ್ನ ಮನೆ. ಈಗ ಕರೆದರೆ ಬರುವ ಆ್ಯಂಬುಲೆನ್ಸ್ ಆಗ ನಮ್ಮ ಕಡೆಗೆ ಇರಲಿಲ್ಲ. ಊರಿಗೆ ದಿನಕ್ಕೆ ಎರಡು ಸಲ ಬಸ್ಸು. ಅದು ಬಿಟ್ಟರೆ ಇದ್ದದ್ದು ವೈಜಿನಾಥನ ವ್ಯಾನು.

ಉದಗೀರದಿಂದ ಸೆಕೆಂಡ್ ಹ್ಯಾಂಡಿನಲ್ಲಿ ತಂದ ಬಿಳಿ ಮಾರುತಿ ವ್ಯಾನು. ಪೆಟ್ರೋಲ್ ಗಾಡಿ. ಜನರನ್ನು ಔರಾದಿಗೆ, ಸಂತಪುರಕ್ಕೆ, ರೈಲು ಹಿಡಿಯುವವರನ್ನು ಭಾಲ್ಕಿ ಸ್ಟೇಷನ್ನಿಗೆ ಬಿಡುವುದು ಅವನ ಕೆಲಸ. ಮೂವತ್ತು ದಾಟದ ಆಳು, ಬಾಯಿ ಸುಮ್ಮನಿರುತ್ತಿರಲಿಲ್ಲ.

ನಾನು ಆ ಊರಿಗೆ ಹೋಗುವ ಮೊದಲೇ ಅಲ್ಲಿ ಒಂದು ರೂಢಿ ನಡೆದುಬಂದಿತ್ತು. ಯಾವಾಗಲೋ ಒಬ್ಬ ಹೆಂಗಸು ಹೆರಿಗೆಯಲ್ಲಿ ತೀರಿಕೊಂಡಳಂತೆ. ಗಾಡಿ ಇತ್ತು, ಡ್ರೈವರ್ ಇದ್ದ, ಪೆಟ್ರೋಲ್ ಇರಲಿಲ್ಲ. ಆಮೇಲೆ ಊರಿನ ಹೆಂಗಸರು ಕೂಡಿ ಐದು ಲೀಟರಿನ ಒಂದು ಬಿಳಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಪೆಟ್ರೋಲ್ ತುಂಬಿಸಿ ಉಪಕೇಂದ್ರದಲ್ಲಿ ಇಟ್ಟರು. ಹೆರಿಗೆಗೆ ಬಿಟ್ಟು ಬೇರೆ ಯಾವುದಕ್ಕೂ ಅದನ್ನು ಮುಟ್ಟುವಂತಿಲ್ಲ. ಯಾರ ಮನೆಗೆ ಅದು ಬಳಕೆಯಾಯಿತೋ ಆ ಮನೆಯವರು ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಡಬ್ಬಿಯನ್ನು ಮತ್ತೆ ತುಂಬಿಸಬೇಕು. ಎಲ್ಲಿಯವರೆಗೆ ತುಂಬಬೇಕು ಎಂಬುದಕ್ಕೆ ಉಗುರಿಗೆ ಹಚ್ಚುವ ಬಣ್ಣದಿಂದ ಎಳೆದ ಒಂದು ಕೆಂಪು ಗೆರೆ ಇತ್ತು.

ಗೆರೆ ಎಳೆದವಳು ತುಳಸಾಬಾಯಿ. ಊರಿನ ಹಳೆಯ ಸೂಲಗಿತ್ತಿ. ಕಣ್ಣಿಗೆ ಪೊರೆ ಬಂದಿತ್ತು, ಆದರೂ ವಾರಕ್ಕೊಮ್ಮೆ ಸಂತೆಗೆ ಹೋಗುವಾಗ ಉಪಕೇಂದ್ರಕ್ಕೆ ಬಂದು ಡಬ್ಬಿಯನ್ನು ಎರಡೂ ಕೈಯಲ್ಲಿ ಎತ್ತಿ ತೂಗಿ ನೋಡುತ್ತಿದ್ದಳು. "ಬರೋಬರ್ ಅದ. ಕೂಸಿನ ತೂಕ ತಿಳದಾಕಿಗೆ ಇದೇನ ದೊಡ್ಡದು?" ಎನ್ನುತ್ತಿದ್ದಳು.

ನಾನು ಹೇಳುತ್ತಿರುವುದು ಸತತ ಎರಡನೆಯ ಸಲ ಮಳೆ ತಪ್ಪಿದ ವರ್ಷದ ಬೇಸಿಗೆಯ ಮಾತು. ತೊಗರಿ ಬಂದಿರಲಿಲ್ಲ, ಬಾವಿಗಳ ತಳ ಕಾಣುತ್ತಿತ್ತು. ಸಂಕ್ರಾಂತಿ ಕಳೆದದ್ದೇ ತಡ ಜನ ಹೊರಟರು. ಕೆಲವರು ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ, ಕೆಲವರು ಪುಣೆಗೆ. ಫೆಬ್ರುವರಿಯಲ್ಲಿ ನಾನು ಪೋಲಿಯೊ ಹನಿ ಹಾಕಲು ಹೋದಾಗ ಒಂದೇ ಓಣಿಯಲ್ಲಿ ಹದಿನಾಲ್ಕು ಬೀಗ ಎಣಿಸಿದೆ.

ಅದೇ ದಿನಗಳಲ್ಲಿ ಪೆಟ್ರೋಲಿನ ರೇಟು ಏರತೊಡಗಿತು. ಒಂದು ಸಲ ಏರಿ ನಿಂತಿದ್ದರೆ ಜನ ಹೊಂದಿಕೊಳ್ಳುತ್ತಿದ್ದರೇನೋ. ಅದು ನಿಲ್ಲಲಿಲ್ಲ. ವೈಜಿನಾಥ ಮೊದಲು ಹಿಂದಿನ ಸೀಟು ಕಿತ್ತು ಎರಡು ಹಲಗೆ ಹಾಕಿದ. ಆರು ಜನ ಕೂಡುವಲ್ಲಿ ಹತ್ತು ಜನ ಕೂತರು. ಆಮೇಲೆ ಇಳಿಜಾರು ಬಂದಲ್ಲೆಲ್ಲ ಎಂಜಿನ್ ಬಂದ್ ಮಾಡತೊಡಗಿದ. ಗಾಡಿ ಸದ್ದಿಲ್ಲದೆ ಜಾರುವಾಗ, "ಇದು ಪುಕ್ಕಟ್ ರಸ್ತಾರಿ, ಈಗ ಮಾತಾಡ್ಕೋರಿ" ಎನ್ನುತ್ತಿದ್ದ. ಬುತ್ತಿ ಮರೆತೆವೆಂದು ಯಾರಾದರೂ ಕೂಗಿದರೆ ಹಿಂದಿರುಗುವುದು ಬಿಟ್ಟ. ಮುಖ್ಯವಾಗಿ ಭಾಲ್ಕಿಯ ಬಾಡಿಗೆ ಹೆಚ್ಚಿಸಿದ.

ಅದನ್ನು ಕೇಳಿ ಕಟ್ಟೆಯ ಮೇಲಿದ್ದ ಮುದುಕನೊಬ್ಬ, "ಏನ್ ವೈಜ್ಯಾ, ಭಾಲ್ಕಿಗೆ ಬಿಡ್ತಿಯೋ ಬೊಂಬಾಯಿಗೋ?" ಎಂದಿದ್ದ.

"ಬೊಂಬಾಯಿಗೆ ರೈಲು ಒಯ್ತದ ಕಾಕಾ. ರೈಲಿನ ತನಕ ಒಯ್ಯೂದೇ ಭಾರಿ ಆಗ್ಯಾದ" ಎಂದ ವೈಜಿನಾಥ.

ಎಲ್ಲರೂ ನಕ್ಕರು. ಆದರೆ ಆ ವಾರದಿಂದ ಗುಳೆ ಹೋಗುವವರು ವ್ಯಾನು ಬಿಟ್ಟು ಲಾರಿ ಹಿಡಿಯತೊಡಗಿದರು. ನಾಲ್ಕೈದು ಮನೆಯವರು ಕೂಡಿ, ಪಾತ್ರೆ, ಜೋಳದ ಚೀಲ, ಕೋಳಿ ಸಮೇತ ಒಂದೇ ಲಾರಿ ಹತ್ತುತ್ತಿದ್ದರು. ವೈಜಿನಾಥನ ಗಾಡಿ ಬೇವಿನ ಗಿಡದ ಕೆಳಗೆ ಮಧ್ಯಾಹ್ನದವರೆಗೂ ನಿಂತಿರುತ್ತಿತ್ತು.

ಡಬ್ಬಿಯ ಕಥೆಯೂ ಕೆಟ್ಟಿತು. ಮಾರ್ಚಿನಲ್ಲಿ ಎರಡು ಹೆರಿಗೆಗೆ ಅದನ್ನು ಬಳಸಿದೆವು. ಒಂದು ಮನೆಯವರು ತೊಟ್ಟಿಲು ಕಟ್ಟುವ ಮೊದಲೇ ಹಸುಗೂಸಿನ ಜೊತೆ ಪುಣೆಗೆ ಹೋದರು. ಇನ್ನೊಬ್ಬರು ಒಂದು ಬಾಟಲಿ ತಂದು, "ಇಷ್ಟೇ ಆಗೂದು ನರ್ಸಬಾಯಿ, ಬ್ಯಾಸರ ಮಾಡ್ಕೋಬ್ಯಾಡ್ರಿ" ಎಂದರು. ಮಿಕ್ಕದ್ದನ್ನು ವೈಜಿನಾಥ ಕೇಳಿದ. ಒಂದು ಬೆಳಿಗ್ಗೆ ಬಾಗಿಲಲ್ಲಿ ನಿಂತು, ಚಪ್ಪಲಿ ಬಿಡದೆ, "ಅಕ್ಕಾ, ಔರಾದ ತನಕ ಹೋಗೋ ಅಷ್ಟು ಕೊಡ್ರಿ. ಬರೂಮುಂದ ಹಾಕ್ಕೊಂಡು ಬಂದು ತುಂಬತೇನಿ" ಎಂದ. ಕೊಟ್ಟೆ. ಅವತ್ತು ತುಂಬಿದ. ಎರಡನೆಯ ಸಲ ಅರ್ಧ ತುಂಬಿದ. ಮೂರನೆಯ ಸಲ ತುಂಬಲೇ ಇಲ್ಲ. ನಾನು ಕೇಳಲೂ ಇಲ್ಲ. ಅವನ ಗಾಡಿ ಓಡದಿದ್ದರೆ ಡಬ್ಬಿ ಇದ್ದರೂ ಏನು ಉಪಯೋಗ ಎಂದು ನನಗೆ ನಾನೇ ಹೇಳಿಕೊಂಡೆ.

ಏಪ್ರಿಲಿನಲ್ಲಿ ಒಂದು ಸಂತೆಯ ದಿನ, ಬಿಸಿಲಿಗೆ ಕೆಲವು ವಾರ ಸಂತೆ ತಪ್ಪಿಸಿದ್ದ ತುಳಸಾಬಾಯಿ ಮತ್ತೆ ಬರುವುದಕ್ಕೆ ಅರ್ಧ ಗಂಟೆ ಮೊದಲು, ನಾವಿಬ್ಬರೂ ಡಬ್ಬಿಯ ಮುಂದೆ ನಿಂತಿದ್ದೆವು. ಪೆಟ್ರೋಲ್ ಅರ್ಧಕ್ಕಿಂತ ಕೆಳಗಿತ್ತು.

"ಮುದುಕಿ ಎತ್ತಿದ್ರ ಗೊತ್ತಾಗ್ತದ್ರಿ. ಊರ ತುಂಬ ನನ್ನ ಮಾನ ಹರಾಜು ಹಾಕ್ತಾಳ" ಎಂದ ವೈಜಿನಾಥ. ಆಮೇಲೆ ನನ್ನ ಒಳಕೋಣೆಯ ಕಡೆ ನೋಡಿದ. ಅಲ್ಲಿ ಸ್ಟೋವ್ ಇತ್ತು. ಅದರ ಬಾಜು ರೇಷನ್ನಿನ ಸೀಮೆ ಎಣ್ಣೆಯ, ಊರಿನ ಮಾತಿನಲ್ಲಿ ಚಿಮಣಿ ಎಣ್ಣೆಯ, ಡಬ್ಬ.

ಇದನ್ನು ಅವನ ಮೇಲೆ ಹಾಕಿ ಬರೆಯಬಹುದಿತ್ತು. ಬರೆಯುವುದಿಲ್ಲ. ಸೀಮೆ ಎಣ್ಣೆ ತಂದುಕೊಟ್ಟವಳು ನಾನು. ಲಾಳಿಕೆ ಹಿಡಿದವಳೂ ನಾನು. ಅವನು ಮೂರು ಬಾಟಲಿ ಸುರಿದ. ಮೂರನೆಯದರಲ್ಲಿ ಸ್ವಲ್ಪ ಉಳಿದಿರುವಾಗಲೇ ಗೆರೆ ಮುಟ್ಟಿತು. ಪೆಟ್ರೋಲ್ ಕಿತ್ತಳೆ ಬಣ್ಣದ್ದು, ರೇಷನ್ನಿನ ಎಣ್ಣೆ ನೀಲಿ. ಎರಡೂ ಕೂಡಿ ಬಿಳಿ ಡಬ್ಬಿಯ ಒಳಗೆ ಕೆಸರಿನಂಥ ಬಣ್ಣವಾಯಿತು.

"ಸೋಮವಾರ ಔರಾದಿಂದ ಒಂದು ಬಾಡಿಗಿ ಅದರಿ. ಇದನ್ನ ಚೆಲ್ಲಿ ಹೊಸಾದು ತುಂಬತೇನಿ. ತುಳಜಾಪುರದ ಅವ್ವನ ಆಣಿ" ಎಂದ ಅವನು.

ತುಳಸಾಬಾಯಿ ಬಂದಳು. ಡಬ್ಬಿ ಎತ್ತಿ ತೂಗಿದಳು. ಬೆರಳಿನಿಂದ ಗೆರೆಯನ್ನು ಸವರಿದಳು. ಬಣ್ಣ ಅವಳ ಕಣ್ಣಿಗೆ ಕಾಣುತ್ತಿರಲಿಲ್ಲ. "ಬರೋಬರ್ ಅದ" ಎಂದಳು. ಹೋಗುವಾಗ ಬಾಗಿಲಲ್ಲಿ ನಿಂತು, "ನಮ್ಮ ಶೋಭಾಗ ದಿನಾ ತುಂಬ್ಯಾವ. ಯಾವಾಗ ಬ್ಯಾನಿ ಬಂದ್ರೂ ಕರೀತೇನಿ" ಎಂದಳು.

ಶೋಭಾ ಅವಳ ಸೊಸೆ. ಚೊಚ್ಚಲ ಬಸುರಿ. ತವರಿಗೆ ಹೋಗಬೇಕಾದವಳು, ಆದರೆ ತವರಿನವರೆಲ್ಲ ಪುಣೆಗೆ ಹೋಗಿ ಮನೆಗೆ ಬೀಗ ಬಿದ್ದಿತ್ತು. ಗಂಡ ಪ್ರಕಾಶ ಹೈದರಾಬಾದಿನಲ್ಲಿ. ಏಳು ತಿಂಗಳವರೆಗೆ ಅವಳೂ ಅಲ್ಲೇ ಗಂಡನ ಜೊತೆ ಇಟ್ಟಿಗೆ ಹೊತ್ತು, ಆಮೇಲೆ ಒಬ್ಬಳೇ ರೈಲಿನಲ್ಲಿ ಭಾಲ್ಕಿಗೆ ಬಂದು ಇಳಿದಿದ್ದಳು. ತೀರ ಕಡಿಮೆ ಮಾತಿನವಳು. ತಪಾಸಣೆಗೆ ಬಂದಾಗ ನಾನು ಹತ್ತು ಕೇಳಿದರೆ ಒಂದಕ್ಕೆ ಉತ್ತರ ಹೇಳುತ್ತಿದ್ದಳು.

ಸೋಮವಾರದ ಬಾಡಿಗೆ ಸಿಗಲಿಲ್ಲ. ಮಂಗಳವಾರ ಬೆಳಗಿನ ರೇಡಿಯೊದಲ್ಲಿ ಪೆಟ್ರೋಲ್ ಮತ್ತೆ ಏರುವುದೆಂದು ಹೇಳಿದರು. ಅದೇ ದಿನ ಬೆಳಿಗ್ಗೆ ಹತ್ತಕ್ಕೆ ಶೋಭಾಳಿಗೆ ನೋವು ಶುರುವಾಯಿತು.

ಹನ್ನೊಂದೂವರೆಗೆ ಉಪಕೇಂದ್ರಕ್ಕೆ ಕರೆತಂದಾಗ ನಾನು ಕೈಯಿಟ್ಟು ನೋಡಿದೆ. ಮಗು ಅಡ್ಡವಿತ್ತು. ತುಳಸಾಬಾಯಿಯೂ ಹೊಟ್ಟೆ ಮುಟ್ಟಿ ನನ್ನ ಮುಖ ನೋಡಿದಳು. ನಮ್ಮಿಬ್ಬರಿಂದ ಆಗುವ ಕೆಲಸ ಅದಲ್ಲ. ಬೀದರಿನ ದೊಡ್ಡ ದವಾಖಾನೆಗೆ ಒಯ್ಯಬೇಕು, ಆಪರೇಷನ್ ಆಗಬೇಕು. ಔರಾದಿನಲ್ಲಿ ಅದು ಆಗುತ್ತಿರಲಿಲ್ಲ. ತುಳಸಾಬಾಯಿ ತಾನೇ ಒಳಗೆ ಹೋಗಿ ಡಬ್ಬಿ ಎತ್ತಿಕೊಂಡು ಬಂದು ವ್ಯಾನಿನಲ್ಲಿಟ್ಟಳು.

ವೈಜಿನಾಥ ನನ್ನನ್ನು ಗಾಡಿಯ ಹಿಂದಕ್ಕೆ ಕರೆದ. "ಟಾಕಿನ್ಯಾಗ ಔರಾದ ತನಕ ಸಾಕಾಗ್ತದ್ರಿ. ಔರಾದ ದಾಟಿದ ಕೂಡ್ಲೇ ಬಂಕ್ ಅದ, ಅಲ್ಲಿ ತುಂಬತೇನಿ. ಡಬ್ಬಿ ಮುಟ್ಟೂ ಪಾಳಿನೇ ಬರೂದಿಲ್ಲ." ನನಗೂ ಅದೇ ಸರಿ ಎನ್ನಿಸಿತು.

ಹಲಗೆಗಳನ್ನು ತೆಗೆದು, ಕೌದಿ ಹಾಸಿ, ಶೋಭಾಳನ್ನು ಮಲಗಿಸಿದೆವು. ತುಳಸಾಬಾಯಿ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಆ ದಿನ ವೈಜಿನಾಥ ಯಾವ ಇಳಿಜಾರಿನಲ್ಲೂ ಎಂಜಿನ್ ಬಂದ್ ಮಾಡಲಿಲ್ಲ.

ಔರಾದ ದಾಟಿದ ಮೇಲೆ ಬಂಕ್ ಬಂತು. ಎರಡು ಕಂಬಗಳ ನಡುವೆ ಹಗ್ಗ ಕಟ್ಟಿತ್ತು. ಹಗ್ಗಕ್ಕೆ ಜೋತುಬಿದ್ದ ರಟ್ಟಿನ ಮೇಲೆ 'ಸ್ಟಾಕ್ ಇಲ್ಲ' ಎಂದು ಬರೆದಿತ್ತು. ಮರುದಿನದಿಂದ ಹೊಸ ರೇಟು ಬರುವುದಿತ್ತು. ಸ್ಟಾಕ್ ನಿಜವಾಗಿ ಮುಗಿದಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ವೈಜಿನಾಥ ಇಳಿದು ಓಡಿದ. ಕುರ್ಚಿಯ ಮೇಲೆ ಕೂತಿದ್ದ ಮುದಿ ಕಾವಲುಗಾರನ ಕಾಲು ಹಿಡಿದದ್ದನ್ನು ನಾನು ಗಾಜಿನಿಂದ ನೋಡಿದೆ. ಆ ಮನುಷ್ಯ ಎದ್ದು ನಿಂತು ಎರಡೂ ಕೈ ಅಲ್ಲಾಡಿಸಿದ. "ಕೀಲಿ ನನ್ನ ಹತ್ರ ಇಲ್ಲೋ ತಮ್ಮಾ, ಸಾಹೇಬ್ರು ಒಯ್ದಾರ" ಎನ್ನುವುದು ಕೇಳಿಸಿತು.

ವಾಪಸ್ ಬಂದ ವೈಜಿನಾಥ ಸೀಟಿನಲ್ಲಿ ಕೂಡಲಿಲ್ಲ. ಬಾಗಿಲು ಹಿಡಿದುಕೊಂಡು ನನ್ನನ್ನೇ ನೋಡುತ್ತ ನಿಂತ.

"ಏನ್ ನೋಡ್ತಿ? ಡಬ್ಬಿ ಯಾತಕ್ಕ ಅದ? ಹಾಕು ಜಲ್ದಿ" ಎಂದಳು ತುಳಸಾಬಾಯಿ.

ಅವನು ಹಾಕಿದ. ಲಾಳಿಕೆ ನಾನು ಹಿಡಿದೆ.

ಗಾಡಿ ಹೊರಟಿತು. ಎಂಟು-ಹತ್ತು ಕಿಲೋಮೀಟರ್ ಸರಿಯಾಗಿಯೇ ಓಡಿತು. ನಾನು ಉಸಿರು ಬಿಟ್ಟೆ. ಸಂತಪುರ ದಾಟಿದ ಮೇಲೆ ಎಂಜಿನ್ನಿನಲ್ಲಿ ಕಲ್ಲು ಕುಟ್ಟಿದಂಥ ಸದ್ದು ಬಂತು. ಹಿಂದೆ ಬಿಳಿ ಹೊಗೆ. ಆ ವ್ಯಾನಿನಲ್ಲಿ ಎಂಜಿನ್ ಇರುವುದು ಸೀಟಿನ ಕೆಳಗೇ, ಬಿಸಿ ಮೇಲಕ್ಕೆ ಬಡಿಯುತ್ತಿತ್ತು. ಒಂದು ಏರಿನ ನಡುವೆ ಗಾಡಿ ಕೆಮ್ಮಿತು, ಎರಡು ಸಲ ಜಗ್ಗಿತು, ನಿಂತಿತು. ನನ್ನ ಗಡಿಯಾರದಲ್ಲಿ ಒಂದು ಗಂಟೆ ಹತ್ತು ನಿಮಿಷ.

ವೈಜಿನಾಥ ಸೀಟು ಎತ್ತಿದಾಗ ಕುದಿಯುವ ಸದ್ದು ಕೇಳಿಸಿತು. "ನೀರು ಬೇಕ್ರಿ" ಎಂದ. ರಸ್ತೆಯಿಂದ ಸ್ವಲ್ಪ ದೂರ ಹೊಲದಲ್ಲಿ ಒಂದು ಬಾವಿ ಇತ್ತು. ಖಾಲಿಯಾಗಿದ್ದ ಡಬ್ಬಿ ಹಿಡಿದು ಓಡಿದ. ಬಗ್ಗಿ ನೋಡಿ, ಒಂದು ಕಲ್ಲು ಒಗೆದು, ಹಾಗೇ ತಿರುಗಿ ಬಂದ. ನಮ್ಮ ಹತ್ತಿರ ಇದ್ದದ್ದು ಶೋಭಾಳಿಗೆಂದು ತಂದ ಒಂದು ಬಾಟಲಿ ನೀರು. ಹೊರಗೆ ಡಾಂಬರು ಕಾಲಿಗೆ ಅಂಟುವಷ್ಟು ಬಿಸಿಲು.

ತುಳಸಾಬಾಯಿ ಬಾಟಲಿಯನ್ನು ಎದೆಗೆ ಒತ್ತಿ ಹಿಡಿದಳು. "ಇದು ಹುಡುಗಿದು. ಬಾಯಿ ಒಣಗ್ಯಾದ ನೋಡು ಆಕಿದು."

ಆಗ ಶೋಭಾ ಕಣ್ಣು ತೆರೆದಳು. ಊರು ಬಿಟ್ಟಾಗಿನಿಂದ ಒಂದೂ ಮಾತಾಡಿರಲಿಲ್ಲ. "ಗಾಡಿಗಿ ಹಾಕ್ರಿ. ನನಗ ಬ್ಯಾಡ" ಎಂದಳು.

ಹಾಕಿದೆವು. ಹಬೆ ಎದ್ದಿತು. ಗಾಡಿ ಚಾಲೂ ಆಗಲಿಲ್ಲ. ಮತ್ತೆ ಮತ್ತೆ ಕೀಲಿ ತಿರುವಿದ. ಪ್ರತಿ ಸಲದ ಸದ್ದು ಹಿಂದಿನದಕ್ಕಿಂತ ಸಣ್ಣದಾಗುತ್ತ ಹೋಯಿತು. ಆಮೇಲೆ ಅವನು ರಸ್ತೆಯ ಮೇಲೆ ಕೂತು ಹಣೆ ಬಡಿದುಕೊಳ್ಳತೊಡಗಿದ. ತುಳಸಾಬಾಯಿ ಅವನಿಗೆ, "ಅಳಬ್ಯಾಡೋ ವೈಜ್ಯಾ. ಕಬ್ಬಿಣದ್ದು ಅದ ಅದು. ನಿನ್ನದೇನ ತಪ್ಪದ?" ಎಂದಳು. ನಾನು ಬೇರೆ ಕಡೆ ಮುಖ ಮಾಡಿದೆ.

ಅಷ್ಟು ಹೊತ್ತಿನಲ್ಲಿ ಎರಡು ಮೋಟಾರ್ ಸೈಕಲ್ ಹೋದವು. ಅವುಗಳಿಂದ ಏನೂ ಉಪಯೋಗವಿರಲಿಲ್ಲ. ಎರಡು ಗಂಟೆ ಹದಿನೈದು ನಿಮಿಷಕ್ಕೆ ಒಂದು ಲಾರಿ ಬಂತು. ಹೈದರಾಬಾದಿಗೆ ದುಡಿಯಲು ಹೊರಟಿದ್ದ ಜನ. ಏನೆಂದು ಕೇಳುವ ಮೊದಲೇ ಹೆಂಗಸರು ಚೀಲಗಳನ್ನು ಸರಿಸಿ ಜಾಗ ಮಾಡಿದರು. ಒಬ್ಬಳು ತನ್ನ ಕೊಡದ ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚಿ ಶೋಭಾಳಿಗೆ ನೀರು ಕುಡಿಸಿದಳು. ವೈಜಿನಾಥ ರಸ್ತೆಯ ಮೇಲೇ ಉಳಿದ.

ಬೀದರಿನಲ್ಲಿ ಆಪರೇಷನ್ ಆಯಿತು. ಶೋಭಾ ಉಳಿದಳು. ಹೆಣ್ಣು ಮಗು; ಉಸಿರಿರಲಿಲ್ಲ. ಮಗುವನ್ನು ನನ್ನ ಕೈಗೆ ಕೊಟ್ಟರು. ಕೂದಲು ದಟ್ಟವಾಗಿತ್ತು, ಉಗುರುಗಳು ಪೂರ್ತಿ ಬೆಳೆದಿದ್ದವು. ಮೂರು ಕಿಲೋ ಮೇಲಿತ್ತು.

ಡಾಕ್ಟರು ಕೇಸ್ ಪೇಪರ್ ಬರೆಯುತ್ತ, "ದಾರಿಯಲ್ಲಿ ಎಷ್ಟು ಹೊತ್ತು ನಿಂತಿರಿ?" ಎಂದು ಕೇಳಿದರು.

"ಒಂದು ಗಂಟೆ ಐದು ನಿಮಿಷ" ಎಂದೆ.

ಅವರು ಬರೆದುಕೊಂಡರು. ಯಾಕೆ ಎಂದು ಕೇಳಲಿಲ್ಲ. ಊರಿಗೆ ಬಂದ ಮೇಲೆ ನನ್ನ ರಿಜಿಸ್ಟರಿನ ಕೊನೆಯ ಕಾಲಮ್ಮಿನಲ್ಲಿ 'ವಾಹನ ಕೆಟ್ಟು ವಿಳಂಬ' ಎಂದು ಬರೆದು ಸಹಿ ಮಾಡಿದೆ. ಅದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಹಾಗೆ ಬರೆಯಲು ಬರುತ್ತದೆಂಬುದೇ ನನಗೆ ಆವತ್ತು ತಿಳಿದದ್ದು.

ವೈಜಿನಾಥ ಹದಿನೈದು ದಿನ ಗಾಡಿ ತೆಗೆಯಲಿಲ್ಲ. ತೆಗೆಯುವಂತೆಯೂ ಇರಲಿಲ್ಲ, ಎಂಜಿನ್ ಬಿಚ್ಚಿಸಬೇಕಾಯಿತು. ಆದರೆ ಊರಿನಲ್ಲಿ ಅವನಿಗೆ ಹೊಸ ಮರ್ಯಾದೆ ಬಂದಿತ್ತು. ತುಳಸಾಬಾಯಿ ಹೋದಲ್ಲೆಲ್ಲ ಹೇಳುತ್ತಿದ್ದಳು: "ನಮ್ಮ ಹುಡುಗಿ ಸಲುವಾಗಿ ಗಾಡಿ ಸುಟ್ಕೊಂಡನ್ರಿ. ಕೂಸಿನ ಆಯುಷ್ಯ ಇರ್ಲಿಲ್ಲ, ಅವನೇನು ಮಾಡ್ತಾನ?" ಅವನು ಆ ಓಣಿಯಲ್ಲಿ ಓಡಾಡುವುದನ್ನೇ ಬಿಟ್ಟ. ಒಂದು ಸಂಜೆ ನನ್ನಲ್ಲಿ ಬಂದು, "ಹೇಳಿಬಿಡ್ಲೇನ್ರಿ ಅಕ್ಕಾ?" ಎಂದ. ನಾನು ರಿಜಿಸ್ಟರ್ ಮುಚ್ಚಿ ಒಳಗಿಟ್ಟೆ. ಹೇಳಿದರೆ ನನ್ನ ನೌಕರಿ ಹೋಗುತ್ತಿತ್ತು. ಅವನು ಎದ್ದು ಹೋದ.

ಜೂನ್ ಬಂತು. ಮೋಡ ಕಟ್ಟಿ ಕಟ್ಟಿ ಹೋಗುತ್ತಿತ್ತು. ಒಂದು ಬೆಳಿಗ್ಗೆ ಶೋಭಾ ಒಬ್ಬಳೇ ಉಪಕೇಂದ್ರಕ್ಕೆ ಬಂದಳು. ಹೊಲಿಗೆ ನೋಡಿದೆ, ಮಾಗಿತ್ತು. ಇನ್ನೂ ಮೂರು ತಿಂಗಳು ಭಾರ ಎತ್ತಬಾರದು ಎಂದೆ. "ನಾಳಿ ಹೈದರಾಬಾದಿಗೆ ಹೋಗಾಕತ್ತೇವ್ರಿ" ಎಂದಳು. ಗಂಡ ಕರೆದೊಯ್ಯಲು ಬಂದಿದ್ದ.

ಆಗ ಅವಳು ಸೆರಗಿನ ಮರೆಯಿಂದ ಒಂದು ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. ಅದರ ತುಂಬ ಪೆಟ್ರೋಲ್ ಇತ್ತು. ಪ್ರಕಾಶನನ್ನು ಔರಾದಿಗೆ ಕಳಿಸಿ ಹೊಸ ರೇಟಿನಲ್ಲಿ ತರಿಸಿದ್ದು.

"ಇದ್ಯಾಕ ತಂದಿ ಶೋಭಾ?" ಎಂದೆ.

"ಬಳಸಿದವ್ರು ತುಂಬಬೇಕಲ್ಲರಿ."

"ಅದು ತೊಟ್ಟಿಲು ಕಟ್ಟಿದ ಮನಿಯವ್ರಿಗೆ..."

"ಡಬ್ಬಿ ಬಳಸೀವಿ" ಎಂದಳು ಅವಳು. ಮೂಲೆಯಲ್ಲಿದ್ದ ಬಿಳಿ ಡಬ್ಬಿಯನ್ನು ತಾನೇ ತಂದು ಮುಚ್ಚಳ ತೆಗೆದಳು. ನಾನು ಲಾಳಿಕೆ ಹಿಡಿದುಕೊಂಡು ನಿಂತೆ. ಅವಳು ಸುರಿಯಲಿಲ್ಲ. ಡಬ್ಬಿಯ ಬಾಯಿಗೆ ಮೂಗು ಹಿಡಿದಳು.

"ಪೈಲಾ ಇದನ್ನ ತೊಳೀರಿ ಅಕ್ಕಾ. ಚಿಮಣಿ ಎಣ್ಣಿ ವಾಸನಿ ಇನ್ನಾ ಹೋಗಿಲ್ಲ."

ನಾನು ಲಾಳಿಕೆಯನ್ನು ಮೇಜಿನ ಮೇಲಿಟ್ಟು ಕೂತುಕೊಂಡೆ.

"ನಿನಗ... ಯಾವಾಗ..."

"ಗಾಡ್ಯಾಗ ಮಲಗಿದಾಕಿ ನಾನೇ ಅಲ್ಲರಿ. ದಿನಾ ಸ್ಟೋ ಹಚ್ಚತೇನಿ, ಆ ವಾಸನಿ ನನಗ ತಿಳಿಯಂಗಿಲ್ಲೇನ್ರಿ?"

"ತುಳಸಾಬಾಯಿಗೆ ಹೇಳೀಯೇನು?"

"ಇಲ್ರಿ. ಹೇಳಿದ್ರ ಊರವ್ರು ಅವನ ಗಾಡಿ ಸುಡ್ತಾರ, ನಿಮ್ಮನ್ನ ಓಡಸ್ತಾರ." ತನ್ನ ಡಬ್ಬಿಯ ಮುಚ್ಚಳ ತಿರುವಿದಳು. "ಆಮ್ಯಾಲ ಇನ್ನೊಬ್ಬಾಕಿಗೆ ಬ್ಯಾನಿ ಬಂದ್ರ ಯಾರ ಗಾಡಿ ಅದ್ರಿ ಊರಾಗ? ಯಾವ ನರ್ಸಬಾಯಿ ಅದಾರ?"

ಅವಳು ಸಿಟ್ಟಿನಿಂದ ಹೇಳಲಿಲ್ಲ. ಕ್ಷಮಿಸಿದವಳ ಹಾಗೆಯೂ ಹೇಳಲಿಲ್ಲ. ನಾನು ಡಬ್ಬಿ ತೊಳೆಯಲು ಎದ್ದೆ. ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಅವಳೇ ತನ್ನ ಡಬ್ಬಿಯಿಂದ ಒಂದಿಷ್ಟು ಪೆಟ್ರೋಲ್ ಹಾಕಿ, ಕುಲುಕಿ, ಹೊರಗೆ ಚೆಲ್ಲಿ ಬಂದಳು. ಆಮೇಲೆ ಸುರಿದಳು. ಅಷ್ಟು ಚೆಲ್ಲಿದ್ದರಿಂದ ಪೆಟ್ರೋಲ್ ಕೆಂಪು ಗೆರೆಗಿಂತ ಒಂದು ಬೆರಳು ಕೆಳಗೇ ನಿಂತಿತು.

ಅವಳು ಅದನ್ನು ಬೆಳಕಿಗೆ ಹಿಡಿದು ನೋಡಿದಳು. "ಇದೊಂದಿಷ್ಟು ನೀವು ತುಂಬ್ರಿ ಅಕ್ಕಾ. ಖರೆ ಪೆಟ್ರೋಲ್ ತುಂಬ್ರಿ" ಎಂದು ಹೇಳಿ, ಖಾಲಿ ಡಬ್ಬಿ ಎತ್ತಿಕೊಂಡು ಹೋದಳು. ಮರುದಿನ ಬೆಳಿಗ್ಗೆ ಅವಳನ್ನೂ ಪ್ರಕಾಶನನ್ನೂ ಭಾಲ್ಕಿ ಸ್ಟೇಷನ್ನಿಗೆ ಬಿಟ್ಟುಬಂದವನು ವೈಜಿನಾಥ.

ಆ ಒಂದು ಬೆರಳನ್ನು ನಾನು ಅದೇ ವಾರ ತುಂಬಿದೆ. ಸಂತೆಯ ದಿನ ತುಳಸಾಬಾಯಿ ಬಂದು, ಎತ್ತಿ ತೂಗಿ, "ಬರೋಬರ್ ಅದ" ಎಂದಳು.